ನಡುವಿನ ಪೆಟ್ಟಿಗೆ

ಬೀದರಿನ ಹಳೇ ಊರು, ಚೌಬಾರದಿಂದ ಕೂಗಳತೆ ದೂರ,
ನರ್ಸಿಂಗ್ ಹುಡುಗಿಯರ ಹಾಸ್ಟೆಲ್ಲು.
ಕೆಂಪು ಜಂಬುಕಲ್ಲಿನ ಗೋಡೆ, ಎರಡು ಮೊಳ ದಪ್ಪ, ಮೇಲೆ ಸುಣ್ಣ.
ಪಾವಟಿಗೆಯ ಕೆಳಗೆ ಮೊಳೆಗೆ ನೇತುಬಿದ್ದ ಬಿಳಿ ಪೆಟ್ಟಿಗೆ:
ಎರಡು ಕೋಡು, ಒಂದು ಹಸಿರು ಕಣ್ಣು.
ನಾನೇ ಹಾಕಿದ್ದು, ಹೋದ ದೀಪಾವಳಿಗೆ.

"ಜೈವಂತ, ನಿನ್ನ ಪೆಟ್ಟಿಗಿ ಸತ್ತದ ನೋಡು"
ರಾತ್ರಿ ಎಂಟಕ್ಕೆ ಫೋನು, ವಾರ್ಡನ್ ಸುಲೋಚನಾಬಾಯಿ ಮೇತ್ರೆಯವರದು.
ಸತ್ತಿರಲಿಲ್ಲ.
ಕಣ್ಣು ಮಿಟುಕಿಸುತ್ತ ಏದುತ್ತಿತ್ತು.

"ನಲವತ್ತು ಫೋನು, ಒಂದೇ ಗಾಳಿ, ಬಾಯಿ.
ಒಬ್ಬಾಕಿ ಮಾತಾಡುವಾಗ ಉಳದವರು ಸುಮ್ಮನಿರಬೇಕು."
"ಪಾಳಿ ಯಾರು ಹಚ್ಚತಾರ?"
"ಯಾರೂ ಹಚ್ಚಂಗಿಲ್ಲ. ನಳದ ಮುಂದ ಕೊಡ ಇಟ್ಟಂಗ ಅಲ್ಲ ಇದು.
ಮೊದಲ ಕಿವಿಗೊಡಬೇಕು.
ಗಾಳಿ ಖಾಲಿ ಅದ ಅಂದ್ರ ಮನಸಿನಾಗ ಒಂದು ಅಂಕಿ ಹಿಡೀಬೇಕು,
ಉಲ್ಟಾ ಎಣಿಸಿ ಸೊನ್ನೆಗೆ ಬಂದಾಕಿ ಮಾತಾಡಬೇಕು.
ನಡುವ ಯಾರರ ಶುರು ಮಾಡಿದ್ರ ಎಣಿಕಿ ಅಲ್ಲೇ ನಿಲ್ಲಸಬೇಕು,
ಅವರದು ಮುಗದ ಮ್ಯಾಲ ಅಲ್ಲಿಂದನ ಮುಂದ."
"ಇಬ್ಬರಿಗೂ ಒಂದೇ ಅಂಕಿ ಬಂತು?"
"ಡಿಕ್ಕಿ. ಎರಡೂ ಮಾತು ಹಾಳು.
'ಮುಟ್ತು' ಅಂತ ಪೆಟ್ಟಿಗಿಯಿಂದ ಜವಾಬು ಬರಂಗಿಲ್ಲ.
ಆಗ ಇನ್ನೂ ದೊಡ್ಡ ಚೀಲದಾಗ ಕೈ ಹಾಕಿ
ಮತ್ತೊಂದು ಅಂಕಿ ತಗೀಬೇಕು."

ಬಾಯಿ ಎಲೆಗೆ ಸುಣ್ಣ ಸವರುತ್ತ ಅಂದರು:
"ನಮ್ಮ ಮಂದೀಗಿಂತ ಛಲೋ ರೀತಿ ಅದ.
ಮತ್ತ ಯಾಕ ಸಾಯ್ತದ?"

ಹೌದಲ್ಲ, ಯಾಕೆ.

ಮೂಡಲ ಕೋಣೆಯಲ್ಲಿ ತಹಸೀನ್,
ಹುಮನಾಬಾದಿಗೆ ವಿಡಿಯೋ ಹಚ್ಚಿದ್ದಾಳೆ:
ತಮ್ಮನ ಮೊಣಕೈ ಮುರಿದಿದೆ, ಪಟ್ಟಿ ಸರಿಯಾಗಿ ಕಟ್ಟಿದ್ದಾರೋ ಇಲ್ಲವೋ.
ಪಡುವಲ ಕೋಣೆಯಲ್ಲಿ ರೂತ್,
ಕೇಸ್ ಶೀಟಿನ ಮೂವತ್ತು ಫೋಟೋ, ಹನ್ನೆರಡರೊಳಗೆ ಹೋಗಬೇಕು.
ಇಬ್ಬರೂ ಕಿವಿಗೊಡುತ್ತಾರೆ.
ಇಬ್ಬರಿಗೂ ಗಾಳಿ ಖಾಲಿ. ನಡುವೆ ಕಲ್ಲು.
ಪೆಟ್ಟಿಗೆಗೆ ಮಾತ್ರ ಇಬ್ಬರೂ ಕೇಳಿಸುತ್ತಾರೆ, ಒಟ್ಟಿಗೆ,
ಅಂದರೆ ಒಬ್ಬರೂ ಕೇಳಿಸುವುದಿಲ್ಲ.

ನೌಬಾದಿನ ಸುರಂಗ ಬಾವಿಯಲ್ಲಿ ಒಂದು ಬೇಸಿಗೆ
ನನ್ನಜ್ಜ ಹೂಳು ತೆಗೆದವನು.
ನೆಲದಡಿ ನೀರಿನ ದಾರಿ, ಮೇಲೆ ದೂರ ದೂರಕ್ಕೆ ಬಾಯಿಗಳು.
ಈ ಬಾಯಿಯವನ ಕೂಗು ಆ ಬಾಯಿಯವನಿಗೆ ಮುಟ್ಟದು,
ಬಯಲ ಗಾಳಿ ಎತ್ತಿಕೊಂಡು ಹೋಗುತ್ತದೆ.
ನಡುವೆ ಕೆಸರಲ್ಲಿ ನಿಂತ ಅಜ್ಜನಿಗೆ ಎರಡೂ.
"ಎಳೀಲಾ" "ಇಳಸ್ಲಾ" ಕಲೆತು ಬರೀ ಹೂಂಕಾರ.
ಒಂದಿನ ಬುಟ್ಟಿ ಅವನ ಭುಜದ ಮೇಲೇ ಇಳಿಯಿತು.
ಅವತ್ತಿನಿಂದ ರಿವಾಜು:
ಮೇಲಿನವನು ಬಕೆಟ್ಟಿಗೆ ಒಂದು ಸಣ್ಣ ಏಟು ಹಾಕಿ ಕಾಯಬೇಕು,
ಅಜ್ಜ ಸಲಿಕೆಯಿಂದ ಗೋಡೆಗೆ ಒಂದು ದೊಡ್ಡ ಏಟು.
ಆ ಏಟು ಎರಡೂ ಬಾಯಿಗೆ ಏರುತ್ತಿತ್ತು.
ಕೇಳಿಕೊಂಡವನಿಗೆ ಅದು "ಹೇಳು",
ಇನ್ನೊಬ್ಬನಿಗೆ "ತಡಿ".

ಅದೇ ರಿವಾಜು ಇವುಗಳಿಗೂ ಉಂಟು, ಎಲ್ಲೋ ಒಳಗೆ,
ಹತ್ತು ಸಲ ಒತ್ತಿದರೆ ಸಿಗುವ ಪುಟದಲ್ಲಿ, ಮುಚ್ಚಿಟ್ಟಿರುತ್ತಾರೆ.
ಫೋನಿನಲ್ಲಿ ನನ್ನ ಕೈ ಅಲ್ಲಿಗೆ ಹೋಗದು; ಲ್ಯಾಪ್‌ಟಾಪಿನಲ್ಲಿ ಹೋಗುತ್ತದೆ.
ಅದಕ್ಕೇ ಇಬ್ಬರನ್ನೂ ಲ್ಯಾಪ್‌ಟಾಪ್ ಸಮೇತ ಕೆಳಗೆ ಕರೆಸಿದೆ.

ಒಂದೂವರೆ ವರ್ಷದಿಂದ ಒಂದೇ ಗಾಳಿ.
ಡ್ಯೂಟಿ ಬೇರೆ, ವಾರ್ಡು ಬೇರೆ, ಮೆಸ್ಸಿನ ಹೊತ್ತು ಬೇರೆ.
ಒಬ್ಬಳಿಗೊಬ್ಬಳು ಬರೀ ಗದ್ದಲ, ಅದೂ ಗೊತ್ತಿಲ್ಲದ ಗದ್ದಲ.

"ನಿಂದೂ" ಅಂದಳು ತಹಸೀನ್.
"ನಿಂದೂ" ಅಂದಳು ರೂತ್, ಅದೇ ಉಸಿರಿಗೆ.
ಇಬ್ಬರೂ ನಿಂತರು. ಇಬ್ಬರೂ ಕಾದರು.
ಮತ್ತೆ ಇಬ್ಬರೂ ಒಟ್ಟಿಗೇ.
ಬಾಯಿಗೆ ನಗು ತಡೆಯದೆ, ಎಲೆ ಉಗುಳಲು ಹೊರಗೆ ಹೋದರು.

ಮೂರನೇ ಸಲ ಯಾರ ಅಂಕಿ ಸಣ್ಣದಿತ್ತೋ
ನಾನು ನೋಡಲಿಲ್ಲ.
ಸ್ಟೂಲು ಹತ್ತಿ, ಸಡಿಲಾದ ಮೊಳೆಯನ್ನು
ಕಲ್ಲಿಗೆ ಬಡಿಯುತ್ತಿದ್ದೆ, ಒಂದೊಂದೇ ಏಟು,
ಅವರ ಮಾತು ನಿಂತಾಗ ಮಾತ್ರ.