ಊದುಗೊಳವೆ

ನಸುಕಿನ ಮೂರೂವರೆಗೆ ಒಲೆ ಊದುತ್ತೇನೆ,
ಮಾವ ಕೊಟ್ಟ ಮೊಳದುದ್ದದ ಕೊಳವೆಯಲ್ಲಿ.
ನಾಪೋ ಹೊಳೆಯ ಮಂಜು ಕುಡಿದ ಸೌದೆ
ಹತ್ತು ಸಲ ಕೆಮ್ಮಿ ಒಂದು ಸಲ ನಗುತ್ತದೆ.
ಗುವಾಯುಸ ಎಲೆ ಕುದಿಯುವ ಹೊತ್ತಿಗೆ
ಒಲ್ಮೆದೊ ಮಾವ ಬಂದು ಕೂತು
ರಾತ್ರಿ ಬಿದ್ದ ಕನಸು ಹೇಳುತ್ತಾನೆ. ನಮ್ಮಲ್ಲಿ ಅದು ರೂಢಿ,
ಕನಸು ಇಳಿಸದೆ ಕಾಡಿಗೆ ಕಾಲಿಡುವ ಹಾಗಿಲ್ಲ.
ಇವತ್ತು ಬಲೆಯಲ್ಲಿ ಅವನೇ ಸಿಕ್ಕಿಬಿದ್ದಿದ್ದನಂತೆ,
ತಕ್ಕಡಿಗೆ ಹಾಕಿದರೆ ಒಂಬತ್ತೇ ಗ್ರಾಂ.
"ಇಷ್ಟು ಹಗುರಾದವನಿಗೆ ಇನ್ನೊಂದು ಲೋಟ ಕೊಡು" ಅಂದ.

ನನ್ನನ್ನು ಇಟ್ಟುಕೊಂಡದ್ದು ಅಡುಗೆಗೆ.
ಅಕ್ಷರ ದುಂಡಗಿದೆಯೆಂದು ಗೊತ್ತಾದ ದಿನದಿಂದ
ಲೆಕ್ಕದ ಪುಸ್ತಕವೂ ಮಡಿಲಿಗೆ ಬಿತ್ತು.
ಪೆನ್ಸಿಲ್ಲೇ ಆಗಬೇಕು, ಮಸಿ ಇಲ್ಲಿ ಬೆವರುತ್ತದೆ.

ಆರಕ್ಕೆ ಬಲೆ ಬಿಚ್ಚುತ್ತೇವೆ.
ಹನ್ನೆರಡು ಮೀಟರು ಕಪ್ಪು ನೂಲು,
ರಾತ್ರಿಯ ಮಿಕ್ಕ ಚೂರನ್ನು
ಎರಡು ಬಿದಿರಿನ ನಡುವೆ ಒಣಹಾಕಿದ ಹಾಗೆ.
ಅರ್ಧ ಗಂಟೆಗೊಮ್ಮೆ ಸುತ್ತು. ತಡವಾದರೆ
ಇರುವೆಗಳು ನಮಗಿಂತ ಮೊದಲೇ ಎಣಿಸಿ ಮುಗಿಸುತ್ತವೆ.
ಒಮ್ಮೆ ಹಾಗಾಗಿತ್ತು. ಆ ಸಾಲನ್ನೂ ನಾನೇ ಬರೆದೆ.

ಮಾವನ ಬೆರಳು ನೋಡಬೇಕು.
ಮೊದಲು ಕಾಲು, ಆಮೇಲೆ ರೆಕ್ಕೆ, ಕಡೆಗೆ ತಲೆ,
ನಿದ್ದೆ ಹೋದ ಮಗುವಿನ ಅಂಗಿ ಕಳಚುವಂತೆ ನೂಲು ಬಿಡಿಸಿ
ಬಟ್ಟೆಚೀಲಕ್ಕೆ ಇಳಿಸುತ್ತಾನೆ.
ಹಗ್ಗಕ್ಕೆ ನೇತುಹಾಕಿದ ಚೀಲಗಳು
ತಮ್ಮಷ್ಟಕ್ಕೆ ತಾವು ಮಿಸುಕುತ್ತವೆ.

ಅಳತೆಪಟ್ಟಿಗೆ ರೆಕ್ಕೆ. ತಕ್ಕಡಿಗೆ ಮೈ.
ಇಕ್ಕಳದ ಬಾಯಲ್ಲಿ ಅಲ್ಯೂಮಿನಿಯಂ ಬಳೆ,
ಕಾಲಿಗೆ ತೊಡಿಸಿ ಒತ್ತಿದರೆ
ಅಕ್ಕಿಕಾಳು ಮುರಿದಷ್ಟೇ ಸದ್ದು.
ಆಮೇಲೆ ಹಕ್ಕಿಯನ್ನು ಅಂಗಾತ ಹಿಡಿದು
ಎದೆಯ ಪುಕ್ಕಕ್ಕೆ ಮೆಲ್ಲಗೆ ಊದುತ್ತಾನೆ.
ಪುಕ್ಕ ಬೈತಲೆ ತೆಗೆದಂತೆ ಇಬ್ಭಾಗವಾಗಿ
ತೆಳ್ಳನೆ ಚರ್ಮ, ಅದರಡಿ ಹಳದಿ.
"ಕೊಬ್ಬು ಎರಡು" ಅನ್ನುತ್ತಾನೆ. ಎರಡು ಬರೆಯುತ್ತೇನೆ.

ಇದೇ ಉಸಿರು ಮೊದಲು ಬೇರೆ ಕೆಲಸದಲ್ಲಿತ್ತು.
ಒಂದೂವರೆ ಮಾರಿನ ಊದುಗೊಳವೆ,
ಚೊಂಟಾ ಮರದ್ದು, ಅವನಪ್ಪ ಕೊರೆದದ್ದು.
ಒಂದು ಫೂ ಅಂದರೆ ಕೊಂಬೆಯಿಂದ ಸಾರು ಉದುರುತ್ತಿತ್ತು.
ಒಂದು ಸಂಜೆ ಕಾಡುಪಾರಿವಾಳದ ಸಾರಿನಲ್ಲಿ
ಅತ್ತೆಯ ಹಲ್ಲಿಗೆ ಬಳೆ ಸಿಕ್ಕಿತು. ಮೇಲೆ ಅಂಕಿ.
ಯಾರ ಸ್ವತ್ತೋ ಏನೋ ಎಂದು ಹೆದರಿ
ಎಲೆಯಲ್ಲಿ ಸುತ್ತಿ, ಎರಡು ಹಗಲು ಹುಟ್ಟು ಹಾಕಿ
ಇಲ್ಲಿಗೆ ತಂದ. ಸಾಲ ತೀರಿಸಲು ಒಂದು ಕೋಳಿಯನ್ನೂ ತಂದ.
ಡಾಕ್ಟರಮ್ಮ ಪಿಯೆದಾದ್ ಬೈಯಲಿಲ್ಲ.
ಎಲ್ಲಿ ಕೂತಿತ್ತು, ಯಾವ ಮರ, ಜೊತೆಗಾರ ಇತ್ತೇ ಎಂದು
ದೀಪ ಆರುವ ತನಕ ಕೇಳಿದಳು. ಅಷ್ಟು ಪ್ರಶ್ನೆ
ಜನ್ಮದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ.
ಹಳೆಯ ಪುಸ್ತಕದಲ್ಲಿ, ಗೆದ್ದಲು ಬಿಟ್ಟ ಹಾಳೆಯಲ್ಲಿ
ಆ ಸಾಲು ಈಗಲೂ ಇದೆ:
ಮರಳಿ ಸಿಕ್ಕ ಸ್ಥಳ, ಸಾರು.
ಕೋಳಿ ಬಹಳ ದಿನ ಮೊಟ್ಟೆ ಇಟ್ಟಿತಂತೆ.
ಕೊಳವೆ ತುಂಡಾಗಿ ನನ್ನ ಒಲೆಯ ಪಕ್ಕಕ್ಕೆ ಬಂತು.

"ಪಾಪ ಕಳೆಯಿತಾ ಮಾವ?" ಎಂದು ಕೇಳಿದ್ದೆ.
"ಪಾಪ ಯಾಕೆ? ಹಸಿವಾಗಿತ್ತು."
ಒಂದು ಸುತ್ತು ಮುಗಿಸಿ ಬಂದ ಮೇಲೆ ಅವನೇ ಅಂದ,
"ಮೊಟ್ಟೆ ಇಡುವವಳೋ ಅಲ್ಲವೋ
ಆಗೆಲ್ಲ ಕೊಯ್ದ ಮೇಲೇ ಗೊತ್ತಾಗುತ್ತಿತ್ತು."

ಇವತ್ತು ನಾಲ್ಕನೇ ಬಲೆಯಲ್ಲಿ ಇರುವೆಹಕ್ಕಿ, ಹೆಣ್ಣು.
ಕಾಲಲ್ಲಿ ಆಗಲೇ ಸವೆದ ಬಳೆ.
ಅಂಕಿ ಓದಿದ. ಊದಿದ. ಹೊಟ್ಟೆ ಬೋಳು.
ಪುಕ್ಕ ತಾನೇ ಉದುರಿಸಿಕೊಂಡು
ನೆರಿಗೆ ಬಿದ್ದ ಕೆಂಪು ಚರ್ಮ,
ಕಾವಿಗೆಂದು ಬಿಟ್ಟ ಜಾಗ.
ತಕ್ಕಡಿ ಬೇಡ, ರೆಕ್ಕೆ ಬೇಡ.
"ಸುಲೇಮಾ, ಕೈ ಒಡ್ಡು."
ಎಲ್ಲೋ ಎರಡು ಮೊಟ್ಟೆಗಳಿಗೆ ಸೇರಬೇಕಾದ ಬಿಸಿ
ಒಂದು ಎಣಿಸುವಷ್ಟು ಹೊತ್ತು ನನ್ನ ಅಂಗೈಗೆ ತಗುಲಿ
ಹೋಯಿತು.

ಅವಸರದಲ್ಲಿ ಬರೆದ ಕೊನೆಯ ಅಂಕಿ
ಮೂರೋ ಎಂಟೋ ಈಗ ನನಗೇ ತಿಳಿಯದು.
ಮಾವ ಕಣ್ಣು ಮುಚ್ಚಿ ನೆನಪು ಕೆದಕುತ್ತಾನೆ,
ಆ ಹೊಟ್ಟೆ ಬಿಟ್ಟು ಬೇರೇನೂ ಕಾಣುತ್ತಿಲ್ಲ ಅವನಿಗೆ.
ರಬ್ಬರಿನಿಂದ ಉಜ್ಜಿ, ಪುಡಿ ಊದಿ
ಆ ಮನೆ ಖಾಲಿ ಬಿಟ್ಟಿದ್ದೇನೆ.
ಕೆಳಗಿನ ಪೊದೆಯಲ್ಲೆಲ್ಲೋ
ಸರಿಯಾದ ಅಂಕಿ
ಮೊಟ್ಟೆಯ ಮೇಲೆ ಕೂತಿದೆ.