ದುದಿ

ಸಾಲಿಗಾಂವದ ಬಯಲಿನಾಗ
ಭತ್ತದ ಕೂಳಿ ಇನ್ನೂ ಅಂಗಾಲು ಚುಚ್ಚೂ ಹೊತ್ತಿಗೆ
ಹನ್ನೆರಡು ಗುಣಿ ತೋಡಿದೆ.
ಗುಣಿಗೊಂದು ಬುಟ್ಟಿ ಸಗಣಿ, ಮುಷ್ಟಿ ಒಣಮೀನಿನ ಪುಡಿ,
ಅದು ಎರ್ಮೆಲಿಂದಾ ಬಾಯಿ ತೋರಿಸಿದ್ದು.
ಬೀಜದ ಮೂಗು ಕೆಳಗ ಮಾಡಿ ಊರಬೇಕು,
ಅದು ನನ್ನವ್ವ ಹೇಳಿದ್ದು.
ಇಬ್ಬರ ಮಾತೂ ಕೇಳಿತು ನೆಲ.

ಹೊಲ ಆಕೀದು, ಬಾವಿ ಆಕೀದು,
ಕೊಡ ನಂದು, ನಡ ನಂದು.
ನಮ್ಮಿಬ್ಬರ ನಡುವ ಮಾತು ಅಂಬೋದು
ಹರಕು ಬೇಲಿ:
ಕೋಳಿ ದಾಟತಾವ, ಎಮ್ಮಿ ದಾಟೂದಿಲ್ಲ.

ಮಾರ್ಚಿನಾಗ ಹನ್ನೊಂದಕ್ಕೆಲ್ಲ ಎಲಿಗೋಳು
ಮಡಚಿದ ಕೊಡೆಯಂಗ ಜೋತು ಬಿದ್ದವು.
ಎದಿ ಧಸಕ್ಕಂದು ನೀರಿಗೆ ಓಡತಿದ್ದೆ ಮೊದಮೊದಲು.
ಆಮ್ಯಾಲ ತಿಳೀತು, ಸತ್ತಂಗ ನಟನೆ ಅದು.
ನಾಲ್ಕಕ್ಕ ಸಮುದ್ರದ ಗಾಳಿ ಬಂತಂದರ
ಏನೂ ಆಗೇ ಇಲ್ಲೇನೋ ಅಂಬಂಗ ಎದ್ದು ಕೂಡತಾವ,
ಮಧ್ಯಾಹ್ನದ ನಿದ್ದಿ ಮುಗಿಸಿದ ಎರ್ಮೆಲಿಂದಾ ಬಾಯಿಯಂಗ.

ಆ ವರ್ಷ ಜೇನು ಬರಲಿಲ್ಲ.
ಇಗರ್ಜಿ ಗಂಟಿ ಹೊಡಿಯೂ ಮೊದಲ
ಗಂಡು ಹೂವಿನ ಎಸಳು ಹರಿದು ತಗದು
ಅದರ ಪುಡಿಗಂಬ ಹೆಣ್ಣು ಹೂವಿನೊಳಗ ತಿರುವಿದೆ.
ನಾಚಿಕಿ ಬಂದು ಸುತ್ತ ನೋಡಿದೆ.
ಬೆಳ್ಳಕ್ಕಿ ಒಂದ ಇತ್ತು.
ಅದೂ ಆ ಕಡೆ ಮುಖ ಮಾಡಿತ್ತು.

ದೊಡ್ಡದಾಗಬೇಕಂದರ ಬಳ್ಳಿಗೊಂದ ಕಾಯಿ,
ಉಳಿದವು ಚಿವುಟಬೇಕು.
ಹೇಳೂದು ಹಗುರ.
ಉಗುರಿನ ಹಸಿರು ವಾಸನಿ ಮೂರು ದಿನ ಹೋಗಲಿಲ್ಲ.
ಚಿವುಟಿದವನ್ನ ಪಲ್ಲೆ ಮಾಡಿದೆ,
ಫಕೀರಪ್ಪ ಎರಡು ಸಲ ಹಾಕಿಸಿಕೊಂಡ.
ನಾ ಮುಟ್ಟಲಿಲ್ಲ.
ಸುಳ್ಳ್ಯಾಕ, ಕಡೀಕ ಉಂಡೆ.

ಒಂದಿನ ಬೇಲಿಯಾಚೆಯಿಂದ ಬೆರಳು ಚಾಚಿ
'ದುದಿ! ದುದಿ!' ಅಂದಳು ಬಾಯಿ.
ದುಡ್ಡು ಅಂತ ಕೇಳಿತು ನನಗ.
ಕಾಯಿ ತೋರಿಸಿದೆ, ಇಳಿಸೂದು ತೋರಿಸಿದೆ,
ಆಕಿ ಕಡೆ ಕೈ ಮಾಡಿ ಕೊಡೂದು ತೋರಿಸಿದೆ.
ಮುಖ ಅರಳಿಸಿಕೊಂಡು ಹೋದಳು.
ದುಡ್ಡಿಗಿಂತ ನನಗ ಆ ಬೆರಳಿನ ಚಿಂತಿ.
ಎಳಿಗಾಯಿಗೆ ಬೆರಳು ತೋರಿಸಿದರ ಕೊಳೀತದ ಅಂತಾರ,
ಮಡಚಿ ತೋರಿಸಬೇಕು.
ಇದನ್ನ ಕೈಸನ್ನಿಯಾಗ ಹೆಂಗ ಹೇಳೂದು?
ಕಾಯಿ ಮ್ಯಾಲ ಹುಲ್ಲು ಹೊದಿಸಿದೆ, ಕೂಸಿಗೆ ಸೆರಗು ಮುಚ್ಚಿದಂಗ.
ಕೆಳಗೊಂದು ಒಡಕು ಹಂಚು.

ಕೊಳೀಲಿಲ್ಲ.
ಬಿಂದಿಗಿಯಷ್ಟಾತು. ಕೊಡದಷ್ಟಾತು.
ಹಳೇ ಸೀರಿಯ ಅಂಚು ಸುತ್ತಿ ಅಳದು
ಐತವಾರಕ್ಕೊಂದು ಗಂಟು ಹಾಕಿದೆ.
ಬಾವಿ ಕೆಳಗ ಕೆಳಗ ಹೋತು, ಹಗ್ಗಕ್ಕ ಹಗ್ಗ ಕಟ್ಟಿದೆ,
ಕಾಯಿ ಮಾತ್ರ ಹೊರಳಿ ಹೊರಳಿ ಹಿಗ್ಗಿತು,
ಬಿಸಿಲು ತನ್ನ ಮನೀದ ಅನ್ನೂಹಂಗ.

ಮೇ ತಿಂಗಳು. ಪಡುವಣಕ್ಕ ಮೊದಲ ಮೋಡ.
ತೊಟ್ಟು ಒಣಗಿ ಬಿರಟಿಯಾಗಿತ್ತು, ಉಗುರು ಇಳೀಲಿಲ್ಲ.
ಬಡಿದರ ಮುಚ್ಚಿದ ಬಾಗಿಲು ಬಡಿದಂಗ:
ಒಳಗ ಯಾರೋ ಅದಾರ.
ಕುಡುಗೋಲು ಹಾಕಿದೆ.

ಕುಂಬಳಕಾಯಿ ಕಳ್ಳ ಅಂದರ
ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ,
ಅದು ಬೂದುಗುಂಬಳದ ಮಾತು.
ಇದು ಸಿಹಿಗುಂಬಳ. ಫಕೀರಪ್ಪನ ಹೆಗಲಿಗೆ ಬೂದಿ ಹತ್ತಲಿಲ್ಲ,
ಕೆಂಪಗೊಂದು ಗುರುತು, ಅಷ್ಟ.
ಹನ್ನೊಂದು ಕಾಯಿ ಮ್ಹಾಪ್ಸಾ ಸಂತಿಗೆ ಹೋದವು.
ಒಂದಕ್ಕ ಕಂಡಕ್ಟರ ಅರ್ಧ ಟಿಕೀಟು ಹರಿದ,
ತೊಡಿ ಮ್ಯಾಲ ಕೂಡಿಸಿಕೊಂಡಿದ್ದಕ್ಕ.

ಬಾಡಿಗಿ ದುಡ್ಡು ಎಣಿಸಿಕೊಂಡು ಹೋದೆ.
ಬಾಯಿ ಎಣಿಸಿದಳು, ಕುಪ್ಪಸದಾಗ ಇಟ್ಟಳು,
ಮತ್ತ ಕೈ ಚಾಚಿದಳು: 'ದುದಿ?'
ಹೊರಗ ಉಳಿದ ಹನ್ನೆರಡನೇದರ ಕಡೆ.
ಆಗ ತಿಳೀತು ನನಗ.
ಅಂದು ಆಕಿ ಬರೇ ಹೆಸರು ಹೇಳಿದ್ದಳು,
ಚಂದ್ರನ್ನ ನೋಡಿ ಚಂದ್ರ ಅಂದಂಗ.
ನಾ ಹೋಗಿ ಹೋಗಿ ಎಲ್ಲಕ್ಕಿಂತ ದೊಡ್ಡದನ್ನ
ಮಾತು ಕೊಟ್ಟು ಕೂತಿದ್ದೆ.

ಇಡೀ ಕುಂಬಳಕ್ಕ ಹೆಂಗಸರು ಮೊದಲ ಕತ್ತಿ ಹಾಕಬಾರದು ನಮ್ಮಲ್ಲಿ.
ಆ ಮನ್ಯಾಗ ಗಂಡಸಿಲ್ಲ.
ನನ್ನ ಗಂಡಸು ಬಸ್ಸಿನ್ಯಾಗ ನಿದ್ದಿ ಬಿಟ್ಟು ಬಂದವ,
ಅಂಗಳದ ಮಾವಿನ ಬುಡಕ್ಕ ಗೊರಕಿ ಹೊಡೀತಿದ್ದ.
ಇಬ್ಬರೂ ಒಂದ ಹಿಡಿಕಿ ಹಿಡಿದು ಒತ್ತಿದೆವು.

ಸಂಜಿಯಾಗಿತ್ತು ಹೊರಗ.
ಕಾಯಿಯೊಳಗ ಇನ್ನೂ ಮಧ್ಯಾಹ್ನ.
ಬೀಜ ಪಾಲು ಹಾಕಿದೆವು, ಒಂದೊಂದ ಎಣಿಸಿ,
ಆಕಿ ಕೊಂಕಣಿಯಾಗ, ನಾ ಕನ್ನಡದಾಗ.
ಲೆಕ್ಕ ಕೂಡಲಿಲ್ಲ.
ಮತ್ತ ಮೊದಲಿಂದ ಎಣಿಸಿದೆವು.