ತುಟಿ ಸೋಕಿದ ಕಡೆ

ಲಿಮೋಜ್ ಊರು, ವಿಯೆನ್ ಹೊಳೆಯಾಚೆಯ ಗಲ್ಲಿ, ಮೂರನೇ ಮಹಡಿ.
ಬೀಗದ ಕೈ ತಂದುಕೊಟ್ಟವನು
ತೀರಿಹೋದವಳ ಮೊಮ್ಮಗ ಮಾರ್ಸಿಯಾಲ್.
‘ಯಾರೂ ಮುಟ್ಟಿದ್ದಲ್ಲ ಇದು.
ಯುದೋಕ್ಸಿ ಅಜ್ಜಿ ಬೀರು ತೆರೆಯಲಿಕ್ಕೇ ಬಿಡುತ್ತಿರಲಿಲ್ಲ.
ಒಳ್ಳೆಯ ಬೆಲೆ ಬರಬೇಕು.’

ಬೆಲೆ ಕಟ್ಟುವುದು ನನ್ನ ಕೆಲಸ.
ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು
ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತೇನೆ.
ಸರಿಯಿದ್ದದ್ದು ಠಣ್ ಅನ್ನುತ್ತದೆ,
ಕೂದಲೆಳೆಯ ಬಿರುಕಿದ್ದರೂ ಸಾಕು, ಕೆಮ್ಮುತ್ತದೆ.

ಹನ್ನೆರಡು ತಟ್ಟೆ, ಒಂದರಂತೆ ಒಂದಿಲ್ಲ.
ಕಾಡುಗುಲಾಬಿ, ಅಗಸೆಯ ನೀಲಿ, ಚೆಸ್ಟ್‌ನಟ್ ಎಲೆ.
ಬರೆದವನಿಗೆ ಮುಳ್ಳು ಬರೆಯಲು ಬೇಸರ,
ಜೇನ್ನೊಣವೆಂದರೆ ಪ್ರೀತಿ.
ಆದರೂ ಕೊನೆಯ ತಟ್ಟೆಯ ನೊಣಕ್ಕೆ ಐದೇ ಕಾಲು:
ಕೆಲಸ ಬಿಡುವ ಗಂಟೆ ಹೊಡೆದಿರಬೇಕು ಆಗ.

ಮಗುಚಿದರೆ ತಳದಲ್ಲಿ ಕಾರ್ಖಾನೆಯ ಹಸಿರು ಮುದ್ರೆ,
ಮುದ್ರೆಯ ಮೇಲೆ ಅಡ್ಡಗೀರು.
ಎರಡನೇ ದರ್ಜೆ ಎಂದು ತಳ್ಳಿದ ಮಾಲು,
ಕೂಲಿಯಲ್ಲಿ ಮುರಿದುಕೊಂಡು ಕೆಲಸದವರಿಗೇ ಮಾರಿದ್ದು.

ಆಮೇಲೆ ಬಟ್ಟಲುಗಳು.
ಹನ್ನೊಂದರ ಅಂಚಿನ ಚಿನ್ನ ನಿನ್ನೆ ಬಳಿದಂತಿದೆ.
ಹನ್ನೆರಡನೆಯದರಲ್ಲಿ
ಹೆಬ್ಬೆರಳಿನ ಉಗುರಿನಷ್ಟು ಅಗಲ
ಚಿನ್ನವೇ ಇಲ್ಲ, ಬರೀ ಬಿಳುಪು.
ಬಲಗೈಯಲ್ಲಿ ಹಿಡಿದು ನೋಡಿದೆ,
ಆ ಜಾಗ ತುಟಿಗೆ ಸಿಗುವುದಿಲ್ಲ.
ಎಡಗೈಗೆ ಬದಲಿಸಿದೆ. ಸಿಕ್ಕಿತು.

‘ಅಜ್ಜಿಗೆ ಎಡಗೈ ರೂಢಿಯೇ?’
‘ಇಲ್ಲವಲ್ಲ. ಚಿಕ್ಕವಳಿದ್ದಾಗ ಇತ್ತಂತೆ,
ಮಠದ ಶಾಲೆಯವರು ಹೊಡೆದು ಬಿಡಿಸಿದರಂತೆ.
ನಾವು ನೋಡಿದ್ದೆಲ್ಲ ಬಲಗೈಯೇ.’

ಗೋಡೆಯ ಮೇಲೊಂದು ಫೋಟೋ,
ಚಿನ್ನಕ್ಕೆ ಮೆರುಗು ಕೊಡುವ ಹೆಂಗಸರ ಸಾಲು.
ಎಲ್ಲರ ಮೊಣಕೈ ಒಂದೇ ಕಡೆ,
ಒಬ್ಬಳದು ಮಾತ್ರ ಪಕ್ಕದವಳನ್ನು ತಿವಿಯುತ್ತಿದೆ.

ಹೊಳೆಯುವುದೆಲ್ಲ ಚಿನ್ನವಲ್ಲ ಎನ್ನುತ್ತಾರೆ.
ಆವಿಗೆಯಿಂದ ಬಂದ ಚಿನ್ನವನ್ನು ಅವರು ನೋಡಿಲ್ಲ,
ಮಂಕು, ಒಣಗಿದ ಸಾಸಿವೆಯ ಗೊಜ್ಜು.
ಅಗೇಟ್ ಕಲ್ಲಿನ ತುದಿಯಿಂದ
ತಿಕ್ಕಿ, ತಿಕ್ಕಿ, ಭುಜ ಕಿತ್ತುಬರುವಷ್ಟು ತಿಕ್ಕಿದ ಮೇಲೆ
ಅದು ಕಣ್ಣು ಬಿಡುವುದು.
ಶನಿವಾರ ಸಂಜೆ ಮೇಸ್ತ್ರಿ ಬರುತ್ತಿದ್ದ.
ಚಿಂದಿ, ಕುಂಚ, ನೆಲ ಗುಡಿಸಿದ ಧೂಳು, ಮೈಮೇಲಿನ ಏಪ್ರನ್,
ಎಲ್ಲ ಸುಟ್ಟು ಬೂದಿಯಿಂದ ಚಿನ್ನ ತೆಗೆಯಬೇಕು.
ಗುಲಗಂಜಿಯ ನೂರನೇ ಪಾಲೂ ಧಣಿಯದೇ.
ಉಗುರಸಂದಿಯದೂ.

ನನ್ನ ಪಟ್ಟಿಯಲ್ಲಿ ‘ಕುಂದು’ ಎಂದೊಂದು ಕಾಲಮ್ಮು ಇದೆ.
ಬರೆದೆ: ಬಟ್ಟಲು ಒಂದು, ಚಿನ್ನ ಸವೆದಿದೆ.
ಸವೆದದ್ದು ಎಲ್ಲಿಗೆ ಹೋಯಿತು
ಎಂಬುದಕ್ಕೆ ಕಾಲಮ್ಮಿಲ್ಲ.

ಮಕ್ಕಳು ಮಲಗಿದ ಮೇಲೆ ಇರಬಹುದು,
ಅಥವಾ ಯಾರೂ ಏಳುವ ಮೊದಲು.
ಬೀರು ತೆರೆದು, ಕಾಫಿ ಬಗ್ಗಿಸಿ,
ಹೊಡೆಸಿಕೊಂಡ ಕೈಯಲ್ಲಿ ಎತ್ತಿ,
ತೂಗಿ ಕೊಟ್ಟು ತೂಗಿ ಕಿತ್ತುಕೊಂಡದ್ದನ್ನು
ನಲವತ್ತು ವರ್ಷ
ಗುಟುಕು ಗುಟುಕಾಗಿ ಕುಡಿದುಬಿಟ್ಟಿದ್ದಾಳೆ ಮುದುಕಿ.
ಅದನ್ನು ಯಾವ ಬೂದಿಯಲ್ಲಿ ಹುಡುಕುತ್ತಾನೆ ಮೇಸ್ತ್ರಿ?

‘ಇದೊಂದು ಇಟ್ಟುಕೊಳ್ಳಿ’ ಅಂದೆ,
‘ಇದಕ್ಕೆ ಬೆಲೆಯಿಲ್ಲ.’
ಮಾರ್ಸಿಯಾಲ್ ಅದನ್ನು ಹೇಗೆ ಕೇಳಿಸಿಕೊಂಡನೋ,
ನಾನು ತಿರುಗಿ ಕೊಟ್ಟ ಬೀಗದ ಕೈಯನ್ನು
ಬಟ್ಟಲೊಳಗೆ ಎಸೆದ.

ಠಣ್ ಅಂದಿತು.
ಬಿರುಕಿಲ್ಲ.